ಮೇಲಿನ ಒಂದು ಗೇಣು

ನಮ್ಮ ಶಿವಲೀಲಾಳ ಅಪ್ಪನಿಗೆ,

ಮನೋಳಿಯಲ್ಲಿ ಮತ್ತೆ ಚಳಿ ಬಿದ್ದಿದೆ. ಹೊಳೆ ಕಡೆಯಿಂದ ಗಾಳಿ ಬೀಸಿದರೆ ನಮ್ಮ ಕೋಳಿ ಶೆಡ್ಡಿನ ತಗಡು ಈಗಲೂ ಬಡಿದುಕೊಳ್ಳುತ್ತದೆ.

ಮೊದಲ ಸಲ ಮರಿ ತಂದಾಗ ನನ್ನನ್ನು ಶೆಡ್ಡಿನೊಳಗೆ ಭತ್ತದ ಹೊಟ್ಟಿನ ಮೇಲೆ ಕೂರಿಸಿದ್ದಿರಿ, ನೆನಪಿದೆಯಾ? “ನಿಂತು ಮೂಸಿದ್ರ ತಿಳ್ಯಾಂಗಿಲ್ಲ. ಮರಿ ಎತ್ತರಕ್ಕ ಕುಂತು ಉಸರು ತಗೋ” ಅಂದಿರಿ. ಹಿಕ್ಕೆಯ ಘಾಟಿಗೆ ಕಣ್ಣು ಉರಿದು ನೀರು ಬಂತು. ಆಮೇಲೆ ನೀವು ಮುಂದಿನ ಗೋಣಿ ಪರದೆಯನ್ನು ಮೇಲಿಂದ ಒಂದು ಗೇಣು ಇಳಿಸಿದಿರಿ. ಬೆಚ್ಚಗಿನದು ಕೆಳಗಿರಲಿ, ಕೆಟ್ಟ ಗಾಳಿ ಮೇಲಿಂದ ಹೋಗಲಿ ಎಂದು. ಊರಿಗೆಲ್ಲ ಇದನ್ನು ಹೇಳಿಕೊಟ್ಟಿರಿ. ಹಡೆದ ತಾಯಿಗೆ ಒಬ್ಬರಿಗೆ ಹೇಳಬಾರದಿತ್ತೇ?

ಆ ಕೊನೆಯ ಸಂಜೆ ನೀವು ಕೆಮ್ಮುತ್ತಿದ್ದಿರಿ. ಮರಿಗಳಿಗೆ ಇದ್ದಿಲಿನ ಶೆಗಡಿ ಇಟ್ಟು, ಕಾವಲಿಗೆಂದು ಅಲ್ಲೇ ಮಲಗಿದಿರಿ. ಮಗನಿಗೆ ಥಂಡಿ ಹತ್ತೀತೆಂದು ಅತ್ತೆ, ಹಳೆ ಸೀರೆ ಸೇರಿಸಿ ತಾವೇ ಹೊಲಿದ ಕೌದಿಗಳನ್ನು ತಂದು, ಹೊರಗಿನಿಂದ ಪರದೆಯ ಮೇಲಿನ ಆ ಗೇಣು ಸಂದಿಗೆ ಉದ್ದಕ್ಕೂ ತುರುಕಿದ್ದರು.

ಬೆಳಗ್ಗೆ ನಾನು ಬಾಗಿಲು ತೆರೆದಾಗ ಒಂದು ಮರಿಯೂ ಚೀಂವ್ ಅನ್ನಲಿಲ್ಲ. ನೀವೂ… ಕೆಂಡದ ವಿಷಗಾಳಿ ಎಂದರು ಡಾಕ್ಟರು. ಅತ್ತೆಗೆ ನಾನು ಹಾರ್ಟ್ ಅಟ್ಯಾಕ್ ಎಂದೆ. ಮರಿಗಳು ಥಂಡಿಗೆ ಸತ್ತವು ಎಂದೆ. ಸಿಟ್ಟು ಬರುವುದಿಲ್ಲವೇ ನನಗೆ? ಬರುತ್ತದೆ. ಒಮ್ಮೊಮ್ಮೆ ನಿಜ ನಾಲಿಗೆಯ ತುದಿಗೇ ಬಂದು ನಿಲ್ಲುತ್ತದೆ. ಆದರೆ ಆ ಮುದುಕಿ ನಿಮ್ಮ ಹೆಸರು ಹೇಳಿಕೊಂಡೇ ಒಂದು ತುತ್ತು ಉಣ್ಣುತ್ತದೆ. ಹೇಳಿಬಿಟ್ಟರೆ ಆ ತುತ್ತೂ…

ನಿನ್ನೆ ಗೌಂಡಿಯನ್ನು ಕರೆಸಿದ್ದೆ. ಹೊಸ ಮರಿ ಬರುವ ಮೊದಲು ಗೋಡೆಯ ಮೇಲಿನ ಸಾಲಿನ ಇಟ್ಟಿಗೆ ಒಡೆಸಿ ತಂತಿ ಜಾಲರಿ ಕೂರಿಸಿದೆ, ಯಾರ ಕೈಗೂ ಎಟುಕದಂತೆ. ಅತ್ತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು.

“ಮರಿಗೆ ಥಂಡಿ ಆಗಂಗಿಲ್ಲೇನ?”

“ಗಾಳಿ ಆಡಬೇಕ್ರಿ ಅತ್ತಿ. ಶೆಗಡಿ ಇಟ್ಟು ಎಲ್ಲಾ ಮುಚ್ಚಿದ್ರ ಸಾಯ್ತಾವು.”

ಬಾಯಿಂದ ಜಾರಿಯೇ ಹೋಯಿತು. ಅವರು ಕಟ್ಟೆಯಿಂದ ಇಳಿದು ನನ್ನ ಹತ್ತಿರ ಬಂದರು.

“ಹಂಗಾರ ನನ್ನ ಮಗ?”

“ಅವರಿಗೆ ಹಾರ್ಟ್ ಅಟ್ಯಾಕ್ ಆಗಿತ್ತಲ್ರಿ.”

“ಖರೇ ಹೇಳಾಕ್ಹತ್ತೀಯೇನ?”

“ಖರೇನ ರೀ.”

ನಂಬಿದರೋ ಇಲ್ಲವೋ, ನನಗೆ ತಿಳಿಯಲಿಲ್ಲ. ಊಟ ಮಾತ್ರ ಮಾಡಿದರು. ನಾನಿರುವವರೆಗೆ ಈ ಊರಲ್ಲಿ ಯಾರಿಂದಲೂ ಅವರಿಗೆ ಅದು ತಿಳಿಯಗೊಡುವುದಿಲ್ಲ, ಇದು ನನ್ನ ಮಾತು. ಆದರೆ ಅವರಿಗೂ ವಯಸ್ಸಾಯಿತು. ನಿಮ್ಮ ಹತ್ತಿರ ಬಂದ ದಿನ ಮೊದಲು ಅದನ್ನೇ ಕೇಳುತ್ತಾರೆ. ನೀವೂ ಹಾರ್ಟ್ ಅಟ್ಯಾಕ್ ಎಂದೇ ಹೇಳಿಬಿಡಿ.