ಹೊಟ್ಟೆಯೊಳಗಿನ ಕೂಸಿಗೆ ರಕ್ತ

ರೀ,

ಇವತ್ತು ನಮ್ಮ ಮಗಳ ಹೊಟ್ಟೆಯೊಳಗಿನ ಕೂಸಿಗೆ ರಕ್ತ ಕೊಟ್ಟರು. ಇವಳ ರಕ್ತಕ್ಕೂ ಅದರ ರಕ್ತಕ್ಕೂ ಹೊಂದದೆ, ಕೂಸಿನ ರಕ್ತವೇ ಒಡೆದುಹೋಗುತ್ತಿದೆಯಂತೆ. ಡಾಕ್ಟರಮ್ಮ ಸ್ಕ್ಯಾನ್ ಪರದೆ ನೋಡುತ್ತಾ ಹೊಕ್ಕುಳಬಳ್ಳಿಗೆ ಉದ್ದನೆಯ ಸೂಜಿ ಇಳಿಸಿದರು. ನಡುವೆ ಕೂಸಿನ ಎದೆಬಡಿತ ನಿಧಾನವಾಯಿತು.

"ಅಮ್ಮಾ, ಯಾಕೆ ಯಾರೂ ಮಾತಾಡ್ತಿಲ್ಲ?" ಅಂದಳು ಮಗಳು.

"ಏನಿಲ್ಲ ಕಣೆ, ಅಲ್ಲಾಡಬೇಡ" ಅಂದೆ.

ಬಡಿತ ಮತ್ತೆ ಸರಿಹೋಯಿತು. ಆದರೆ ಇನ್ನೆರಡು ವಾರಕ್ಕೆ ಮತ್ತೆ ಕೊಡಬೇಕಂತೆ, ಅಲ್ಲಿಯವರೆಗೂ ಏನೂ ಹೇಳಲಾಗದಂತೆ.

ಇವಳ ಬೆನ್ನಿಗೆ ಹುಟ್ಟಿ ಉಳಿಯದ ನಮ್ಮ ಎರಡು ಕೂಸುಗಳಿಗೂ ಇದೇ ಆಗಿತ್ತೇನೋ ಅಂದರು ಡಾಕ್ಟರಮ್ಮ. ನಿಮ್ಮಮ್ಮ ಅದನ್ನು ನನ್ನ ಕಾಲ್ಗುಣ ಅನ್ನುತ್ತಿದ್ದರು. ನೀವು ತಲೆಯೆತ್ತದೆ ಉಣ್ಣುತ್ತಿದ್ದಿರಿ. ನೀವು ಬದುಕಿದ್ದಿದ್ದರೆ ಇದನ್ನು ಎದುರಿಗೇ ಹೇಳುತ್ತಿದ್ದೆ.

ಮಗಳಿಗೆ ಈಗ ಜೊಂಪು ಹತ್ತಿದೆ. ನನ್ನ ಎಡಗೈ ಅವಳ ಹೊಟ್ಟೆಯ ಮೇಲಿದೆ, ತೆಗೆಯಲು ಭಯ.