ಬ್ಯಾಡರಹಳ್ಳಿಯ ಕಾಟೇಜು

ಬ್ಯಾಡರಹಳ್ಳಿ
೯-೮-೧೯೮೩, ಮಂಗಳವಾರ

ಚಿರಂಜೀವಿ ಶ್ಯಾಮಸುಂದರನಿಗೆ ನಿನ್ನ ಅಮ್ಮ ಮಾಡುವ ಆಶೀರ್ವಾದ.

ನೀನು ನಾಗಪುರದಲ್ಲಿ ಕ್ಷೇಮವಾಗಿದ್ದೀಯ, ಕೆಲಸಕ್ಕೆ ಹೋಗುತ್ತಿದ್ದೀಯ ಎಂದು ತಿಳಿದು ಸಮಾಧಾನವಾಯಿತು. ಸೊಂಟದ ನೋವು ಹೇಗಿದೆ? ನಿಮ್ಮ ತಂದೆಯ ಕರ್ಮ ಮುಗಿಯುವವರೆಗೂ ಬರಿ ನೆಲದ ಮೇಲೆ ಮಲಗಿದ್ದೆ, ಹೇಳಿದರೆ ಕೇಳಲಿಲ್ಲ. ವತ್ಸಲಾ ಕೈಲಿ ಎಣ್ಣೆ ತಿಕ್ಕಿಸಿಕೊ, ಹೆಂಡತಿಯ ಹತ್ತಿರ ಸಂಕೋಚ ಎಂಥದು. ಇಲ್ಲಿ ನಿನ್ನ ತಮ್ಮ ಸೇತು ಚೆನ್ನಾಗಿದ್ದಾನೆ. ಅವನ ಹೆಂಡತಿ ಕೋಕಿಲಾಗೆ ಐದು ತಿಂಗಳು ತುಂಬಿತು. ವಾಂತಿ ನಿಂತು ಮುಖಕ್ಕೆ ಸ್ವಲ್ಪ ಕಳೆ ಬಂದಿದೆ. ನನಗೆ ಕೆಮ್ಮು ಒಂದು ಬಿಟ್ಟರೆ ಬೇರೇನಿಲ್ಲ.

ಕಾಟೇಜು ಹೇಗಿದೆ ಎಂದು ಕೇಳಿದ್ದೀಯ. ಎಲ್ಲ ಅನುಕೂಲವಾಗಿದೆ ಎಂದು ಸೇತು ಬರೆದನಂತೆ. ಅವನು ಚಿಕ್ಕಂದಿನಿಂದಲೂ ನಿನಗೆ ಹೆದರುವವನು, ನಾನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಕಾಟೇಜು ಕೊಟ್ಟ ನಿನ್ನ ಸ್ನೇಹಿತರನ್ನು ಬಯ್ಯುತ್ತಿಲ್ಲ ಕಣೋ. ಕೆಟ್ಟ ನಕ್ಷತ್ರದಲ್ಲಿ ಸಾವಾಯಿತು, ಆರು ತಿಂಗಳು ಮನೆ ಬಿಡಬೇಕು ಎಂದು ಜೋಯಿಸರು ಹೇಳಿದ ಮೇಲೆ ನಮಗೆ ಬಾಡಿಗೆಗೆ ಒಂದು ಕೋಣೆ ಕೊಡುವವರೂ ಇರಲಿಲ್ಲ. ಅವರು ಸುಮ್ಮನೆ ಇರಲು ಕೊಟ್ಟರು. ಆದರೆ ರಜೆಗೆ ಬಂದು ಹೋಗಲಿಕ್ಕೆ ಕಟ್ಟಿಸಿದ ಜಾಗದಲ್ಲಿ ಸಂಸಾರ ಮಾಡುವುದು ಬೇರೆಯೇ. ಹೆಂಚು ಸರಿದು ಮೂರು ಕಡೆ ಸೋರುತ್ತದೆ, ದೇವರ ಪಟಗಳನ್ನು ಟ್ರಂಕಿನ ಮೇಲಿಟ್ಟು ಕೊಡೆ ಬಿಚ್ಚಿದ್ದೇವೆ. ಒಡೆದ ಕಿಟಕಿಗೆ ಕ್ಯಾಲೆಂಡರ್ ಅಂಟಿಸಿದ್ದೇವೆ. ಸೋಫಾದ ಹೊಟ್ಟೆಯಲ್ಲಿ ಇಲಿ ಮರಿ ಹಾಕಿದೆ. ಕಕ್ಕಸು ಕುರ್ಚಿಯ ಹಾಗಿದೆ, ಈ ವಯಸ್ಸಿನಲ್ಲಿ ಅದರ ಮೇಲೆ ಕೂರುವುದು ಕಲಿಯಬೇಕಾಯಿತಲ್ಲ ಎಂದು ನನಗೇ ಅಳು ಬಂತು. ನೀರಿನ ಪಂಪು ಕೆಟ್ಟು ಕೂತಿದೆ. ತೋಟ ಕಾಯುವ ಉಗ್ರಪ್ಪನನ್ನು ಕೇಳಿದರೆ, "ಸಾವ್ಕಾರ್ರು ವರ್ಷಕ್ಕೊಂದ್ ಸಲ ಬರ್ತಾರಮ್ಮ, ಅವತ್ತು ರಿಪೇರಿ ಮಾಡಿಸ್ತಾರೆ, ಅವ್ರು ಹೋಗ್ತಿದ್ದಂಗೆ ಅದೂ ಹೋಗ್ತದೆ" ಅನ್ನುತ್ತಾನೆ. ಪಾಪ, ಅವನೇನು ಮಾಡಿಯಾನು.

ಹೋದ ಶುಕ್ರವಾರ ಕೋಕಿಲಾ ಬಾವಿಯ ಹತ್ತಿರ ಪಾಚಿಯ ಮೇಲೆ ಜಾರಿ ಬಿದ್ದಳು. ಗಾಬರಿಯಾಗಬೇಡ, ದೇವರ ದಯದಿಂದ ಏನೂ ಆಗಲಿಲ್ಲ. ಉಗ್ರಪ್ಪ ಎತ್ತಿನ ಗಾಡಿ ಕಟ್ಟಿಕೊಂಡು ಬಂದ. ಮಾಗಡಿ ರಸ್ತೆ ಸೇರಿ, ಬಸ್ಸಿಗೆ ಕಾದು, ರಾಜಾಜಿನಗರದ ಡಾಕ್ಟರಮ್ಮನ ಹತ್ತಿರ ಹೋಗುವಷ್ಟರಲ್ಲಿ ನನ್ನ ಜೀವ ಬಾಯಿಗೆ ಬಂದಿತ್ತು. ದಾರಿಯುದ್ದಕ್ಕೂ ಆ ಹುಡುಗಿ ನನ್ನ ಕೈ ಬಿಡಲಿಲ್ಲ. "ಅತ್ತೆ, ಆ ಮನೇಲಿದ್ರೆ ಮಗೂಗೆ ಆಗಲ್ಲ ಅಂತ ಇಲ್ಲಿಗೆ ಬಂದ್ವಿ, ಇಲ್ಲೂ ಹೀಗಾಯ್ತಲ್ಲ" ಅಂದಳು.

ಸೇತು ಬ್ಯಾಂಕಿನಿಂದ ಡಾಕ್ಟರಮ್ಮನ ಹತ್ತಿರಕ್ಕೇ ಬಂದ. ವಾಪಸ್ಸು ಬರುವಾಗ ಮೂವರೂ ನಮ್ಮ ಬೀದಿಯಲ್ಲೇ ನಡೆದು ಬಂದೆವು. ನಮ್ಮ ಮನೆಯ ಬಾಗಿಲಲ್ಲಿ ರಂಗೋಲಿಯಿಲ್ಲ, ಜಗಲಿಯ ಮೇಲೆ ತರಗೆಲೆ ಗುಡ್ಡೆ ಬಿದ್ದಿದೆ. ಯಾರೋ ನಮ್ಮ ಕಾಂಪೌಂಡಿಗೆ ಸೈಕಲ್ ಒರಗಿಸಿ ಹೋಗಿದ್ದಾರೆ. ಚಿಲಕ ತೆಗೆದು ಆ ಎಲೆಯನ್ನಾದರೂ ಗುಡಿಸೋಣ ಎಂದು ಕೈ ಹಾಕಿದೆ. "ಗೇಟ್ ಮುಟ್ಟಬೇಡಿ ಅಮ್ಮ" ಅಂದ ಸೇತು. ಮೆಲ್ಲಗೇ ಅಂದ, ತಪ್ಪು ತಿಳಿಯಬೇಡ. ಬಸುರಿ ಹೆಂಡತಿ ಪಕ್ಕದಲ್ಲಿದ್ದಾಳೆ, ಅವನ ಭಯ ಅವನಿಗೆ. ಎದುರು ಮನೆಯ ಜಯದೇವಿ ಕಿಟಕಿಯಿಂದ ನೋಡುತ್ತಿದ್ದವಳು ಒಳಗೆ ಸರಿದುಕೊಂಡಳು. ನಾನು ಸೊಸೆಯಾಗಿ ಕಾಲಿಟ್ಟ ಮನೆ ಅದು, ನಿಮ್ಮಿಬ್ಬರನ್ನೂ ಸಾಕಿದ ಮನೆ. ಅದರ ಮುಂದೆ ಬೀದಿಯಲ್ಲಿ ಬೇಡಲು ಬಂದವಳ ಹಾಗೆ ನಿಂತಿದ್ದೆ. ನನಗೆ ನನ್ನ ಮನೆಗೆ ಹೋಗಬೇಕು ಶ್ಯಾಮು. ಇಷ್ಟು ದಿನ ಬಾಯಿ ಬಿಟ್ಟು ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಮಳೆಗಾಲ ಹೇಗೋ ಕಳೆಯುತ್ತದೆ ಎಂದು ನೀನು ಬರೆಯುತ್ತೀಯ, ಗೊತ್ತು. ಹಿರಿಯ ಮಗ, ಎಲ್ಲರ ಹೊಣೆಯೂ ನಿನ್ನ ತಲೆಯ ಮೇಲೆ ಬಿತ್ತು. ಜೋಯಿಸರು ಹೇಳಿದ್ದನ್ನು ನೀನು ಮೀರಿ, ನಾಳೆ ಏನಾದರೂ ಆದರೆ ಜನ ನಿನ್ನನ್ನೇ ಅನ್ನುತ್ತಾರೆ. ಅದಕ್ಕೇ ನಾನೂ ಸುಮ್ಮನಿದ್ದೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಆಫೀಸಿನಲ್ಲಿ ಯಾರ ಮೇಲೂ ರೇಗಬೇಡ. ವತ್ಸಲಾಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು.

ಇಂತಿ ನಿನ್ನ ಅಮ್ಮ,
ಯಶೋದಮ್ಮ

ಉಗ್ರಪ್ಪ ಟಪಾಲು ಡಬ್ಬಿಯ ಕಡೆ ಹೊರಟು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಆ ಕೆಟ್ಟ ನಕ್ಷತ್ರ ಹಿಡಿದದ್ದು ಅವತ್ತು ನಾಲ್ಕು ಗಂಟೆಯ ಮೇಲೆ. ಪ್ರಾಣ ಹೋದದ್ದು ಯಾವಾಗ ಎಂದು ಜೋಯಿಸರು ಸೇತುವನ್ನು ಕೇಳಿದರು. ಅವನು ಸಂಜೆ ಬ್ಯಾಂಕಿನಿಂದ ಬಂದು ನೋಡಿದ ಹೊತ್ತನ್ನೇ ಹೇಳಿದ. ನಾನು ಅಲ್ಲೇ ಗೋಡೆಗೆ ಒರಗಿ ಕೂತಿದ್ದೆ, ನನ್ನನ್ನು ಯಾರೂ ಕೇಳಲಿಲ್ಲ. ನಿಮ್ಮ ತಂದೆ ಊಟ ಮಾಡಿ ಒರಗಿದವರು, ರೇಡಿಯೋದಲ್ಲಿ ಮಧ್ಯಾಹ್ನದ ವಾರ್ತೆ ಮುಗಿಯುವ ಮೊದಲೇ ಹೋಗಿಬಿಟ್ಟರು. ಕೋಕಿಲಾ ತಾಯಿಯ ಮನೆಗೆ ಹೋಗಿದ್ದಳು. ನಾನು ರೇಡಿಯೋ ಆರಿಸಿ, ಬಾಗಿಲು ಮುಂದೆ ಮಾಡಿ, ಅವರ ಕೈ ಹಿಡಿದುಕೊಂಡು ಕೂತೆ. ಸೇತು ಬರುವವರೆಗೂ ಯಾರನ್ನೂ ಕೂಗಲಿಲ್ಲ. ಕೂಗಿದ್ದರೆ ಮನೆ ತುಂಬ ಜನ, ಆಮೇಲೆ ಅವರು ನನ್ನವರಾಗಿರುತ್ತಿರಲಿಲ್ಲ. ಅಷ್ಟು ಜನರ ಮುಂದೆ ಅದನ್ನು ಹೇಗೆ ಹೇಳಲಿ. ಸೇತುವಿಗೆ ನೀನೇ ಬರೆ, ಜೋಯಿಸರಿಗೂ ತಿಳಿಸು. ನಿಮ್ಮ ತಂದೆ ಯಾವ ದೋಷವನ್ನೂ ಬಿಟ್ಟು ಹೋಗಿಲ್ಲ ಶ್ಯಾಮು. ಮನೆಯ ಬೀಗದ ಕೈ ನಿನ್ನ ಹತ್ತಿರ ಇದೆ, ಕಳಿಸು.