ಹೇಳಿಕೆಯ ಕೆಳಗೆ ಅಕ್ಕನ ಸಹಿ

ಕಾಸರಗೋಡು
17 ಜನವರಿ 2025

ಪ್ರೀತಿಯ ಅಕ್ಕಾ,

ನಿನ್ನ ಮೊಣಕಾಲು ಹೇಗಿದೆ? ನೀನೀಗ ಮಂಜೇಶ್ವರದಲ್ಲಿ ನಿನ್ನ ಮಗಳು ಶ್ರೀರಂಜಿನಿಯ ಮನೆಯ ಮಾಳಿಗೆಯಲ್ಲಿದ್ದಿ, ಮೆಟ್ಟಿಲು ಹತ್ತಿ ಇಳಿದು ನೋವು ಹೆಚ್ಚು ಮಾಡಿಕೊಳ್ಳಬೇಡ. ಮಗುವಿಗೆ ಹಲ್ಲು ಬಂತೆಂದು ಅವಳು ಫೋಟೊ ಕಳಿಸಿದ್ದಳು. ನಗು ನಿನ್ನದೇ, ಹಟ ಮಾತ್ರ ನಿನ್ನದಾಗದಿರಲಿ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ಸ್ವರ ಕೇಳಿದರೆ ನಾನು ಮತ್ತೆ ಸೆಕೆಯ ಮಾತಾಡಿ ಇಟ್ಟುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಮೂವತ್ತು ದಿನದೊಳಗೆ ನಿನ್ನ ಮಿಲ್ಲಿನ ಕೋಣೆ ಕೆಡವಬೇಕೆಂಬ ಪಂಚಾಯತಿನ ಆದೇಶ ಬಂತಲ್ಲ, ಕ್ಲರ್ಕ್ ಆಗಿ ಅದನ್ನು ಟೈಪ್ ಮಾಡಿದ್ದೂ ನಾನೇ. ಅನುಮತಿ ಇಲ್ಲ, ರಸ್ತೆಯಿಂದ ಬಿಡಬೇಕಾದಷ್ಟು ಜಾಗ ಬಿಟ್ಟಿಲ್ಲ. ಭಾವ ಹೋದ ಮೇಲೆ ಮೆಣಸು, ಅರಿಶಿನ ಹುಡಿ ಮಾಡಿಕೊಟ್ಟು ನೀನು ಯಾರ ಮುಂದೆಯೂ ಕೈಚಾಚದೆ ಬದುಕುತ್ತಿರುವುದು ಆ ಕೋಣೆಯಿಂದ. ಕಟ್ಟುವ ಮೊದಲು ನೀನು ಅರ್ಜಿ ಬರೆದೇ ತಂದಿದ್ದೆ. ಆಗಿನ ಸೆಕ್ರೆಟರಿ ಚಹಾ ಕುಡಿಯುತ್ತಾ 'ಕಟ್ಟಲಿ' ಎಂದರು. ನಾನು ಅರ್ಜಿಯನ್ನು ಮಡಚಿ ನಿನ್ನ ಚೀಲಕ್ಕೇ ಹಾಕಿದೆ. "ಒಂದು ಚೀಟಿಯಾದ್ರೂ ಬೇಡ್ವಾ ಮಾರಾಯ?" ಎಂದು ಕೇಳಿದ್ದೆ ನೀನು. "ಕಾಗದ ಬಂದ್ರೂ ಮಲಯಾಳದಲ್ಲಿ ಅಲ್ವಾ? ಓದ್ಲಿಕ್ಕೆ ನೀನು ನನ್ನ ಹತ್ರವೇ ಬರುದು. ನಾನು ಹೇಳಿದ್ದೇ ಆರ್ಡರ್" ಎಂದೆ. ಎಷ್ಟು ಗತ್ತು! ಊರಿನ ಕನ್ನಡದವರೆಲ್ಲ ಕಾಗದ ಹಿಡಿದು ನನ್ನ ಮೇಜಿಗೆ ಬಂದು ಬಂದು ನನ್ನ ತಲೆ ತಿರುಗಿತ್ತು.

ಹೊಸ ಸೆಕ್ರೆಟರಿಗೆ ಕನ್ನಡ ಬಾರದು. ಆದೇಶಕ್ಕೆ ಮೊದಲು ನಡೆದ ವಿಚಾರಣೆಯ ದಿನ ನಿನ್ನ ಹೇಳಿಕೆಯನ್ನು ಮಲಯಾಳದಲ್ಲಿ ಬರೆಯಲು ಕೂತದ್ದು ನಾನು. "ಕೇಳಿಯೇ ಕಟ್ಟಿದ್ದು, ಆಫೀಸಿನವರೇ ಹೇಳಿದ್ದು" ಎಂದೆ ನೀನು. ಯಾರೆಂದು ಕೇಳಿದಾಗ ನನ್ನ ಮುಖ ನೋಡಿ, "ಹೆಸರು ನೆನಪಿಲ್ಲ" ಎಂದು ನನ್ನನ್ನು ಉಳಿಸಿದೆ. ನಾನು ಏನು ಬರೆದೆ ಗೊತ್ತೇ? 'ಯಾರನ್ನೂ ಕೇಳದೆ ಕಟ್ಟಿದ್ದೇನೆ.' ನಿವೃತ್ತಿಗೆ ಹದಿನಾಲ್ಕೇ ತಿಂಗಳು, ಗಾಬರಿಯಲ್ಲಿ ಬರೆದೆ ಎಂದರೆ ಅದೂ ಸುಳ್ಳು. ಯೋಚಿಸಿಯೇ ಬರೆದೆ. "ಸರಿ ಬರ್ದಿದ್ದಿಯಲ್ಲಾ?" ಎಂದು ನೀನು ಕೇಳಿದೆ. ನಾನು ತಲೆಯಾಡಿಸಿದೆ, ನೀನು ಸಹಿ ಹಾಕಿದೆ. ಅಕ್ಕಾ, ನಾನು ನಿನಗೆ ಮೋಸ ಮಾಡಿದೆ.

ವಕೀಲ ಲತೀಶರನ್ನು ಕೇಳಿದೆ. ಬಾಯಿಮಾತಿನ ಅನುಮತಿ ಕಾನೂನಿನ ಮುಂದೆ ಅನುಮತಿಯೇ ಅಲ್ಲ, ಫೈಲಿನಲ್ಲಿ ಇಲ್ಲದ್ದು ನಡೆದೇ ಇಲ್ಲ ಎಂದರು. ಆದರೂ ನೀನು ಕೇಳಿಯೇ ಕಟ್ಟಿದ್ದೆಂದು ತೋರಿಸಿದರೆ, ಮೇಲ್ಮನವಿಯಲ್ಲಿ ಕೋಣೆಯನ್ನು ಸಕ್ರಮ ಮಾಡಿಸಲು ದಾರಿ ಇರಬಹುದಂತೆ. ಆ ಮೂವತ್ತು ದಿನದಲ್ಲಿ ಇನ್ನು ಹನ್ನೊಂದು ದಿನ ಉಳಿದಿದೆ.

ಶ್ರೀರಂಜಿನಿಗೆ ಆಶೀರ್ವಾದ, ಮಗುವಿಗೆ ಮುತ್ತು. ನಿನಗೆ ನಮಸ್ಕಾರ ಹೇಳಲು ನನಗೆ ಮುಖವಿಲ್ಲ, ಆದರೂ ಹೇಳುತ್ತಿದ್ದೇನೆ.

ನಿನ್ನ ತಮ್ಮ,
ಈಶ್ವರಪ್ರಸಾದ

ತಾ.ಕ.: ಅಂಚೆಗೆ ಹೊತ್ತಾಯಿತು. ಲಕೋಟೆಯಲ್ಲಿ ಮಲಯಾಳದ ಇನ್ನೊಂದು ಹಾಳೆ ಇದೆ. ಅನುಮತಿ ಸಿಕ್ಕಿತೆಂದು ನಿನಗೆ ಹೇಳಿದವನು ನಾನು, ನಿನ್ನ ಹೇಳಿಕೆ ತಿರುಚಿದವನೂ ನಾನು ಎಂದು ಬರೆದು ಸಹಿ ಹಾಕಿದ್ದೇನೆ. ಸೆಕ್ರೆಟರಿಗೂ ಒಂದು ಪ್ರತಿ ಕೊಟ್ಟಾಗಿದೆ. ಅದನ್ನು ಮೇಲ್ಮನವಿಗೆ ಲಗತ್ತಿಸು. ಆದರೆ ಅದಕ್ಕೂ ಮೊದಲು, ಮಲಯಾಳ ಬಲ್ಲ ಬೇರೆ ಯಾರಿಂದಾದರೂ ಓದಿಸಿ ನೋಡು.